ದೀಪ ದೊಡ್ಡದು ಮಾಡ್ರಿ

ಆ ಮಧ್ಯಾಹ್ನ ನಾನು ಮಾಡಿದ್ದು ಇಷ್ಟೇ. ಕುರ್ಚಿಯಿಂದ ಎದ್ದು, ಮನೆಯೊಳಗೆಲ್ಲ ಓಡಾಡಿ, ಐದು ಸ್ವಿಚ್ಚುಗಳನ್ನು ಒತ್ತಿದೆ. ಒಳ್ಳೆಯ ಮನಸ್ಸಿನಿಂದಲೇ ಒತ್ತಿದೆ. ಅದರಿಂದ ಕೆಳಗಿನ ಮನೆಯಲ್ಲಿ ಒಬ್ಬರ ಉಸಿರು ಕಟ್ಟುವ ಹಾಗಾಯಿತು. ಇಷ್ಟು ವರ್ಷಗಳ ಮೇಲೆ ಅದನ್ನು ಬರೆಯಲು ಕೂತರೂ ಒಂದೊಂದು ಸಂಗತಿಯನ್ನು ಅದದರ ಜಾಗದಲ್ಲೇ ಇಡಬೇಕೆನಿಸುತ್ತದೆ. ಅವಸರ ಮಾಡಿದರೆ ಮತ್ತೆ ಏನೋ ತಪ್ಪಿಬಿಡುತ್ತೇನೆಂಬ ಭಯ ಇನ್ನೂ ಹೋಗಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಿಟಿಎಂ ಲೇಔಟಿನ ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆಗಳು, ಮಹಡಿಗೆ ಮೂರು. ನಾವಿದ್ದದ್ದು ಎರಡನೇ ಮಹಡಿಯಲ್ಲಿ. ನಾನು ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುತ್ತಿದ್ದೆ. ಹಗಲು ಹೊತ್ತು ಮನೆಯಲ್ಲಿರುವವಳು ಎಂಬ ಒಂದೇ ಅರ್ಹತೆಯ ಮೇಲೆ ಆ ವರ್ಷ ನನ್ನನ್ನು ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯನ್ನಾಗಿ ಮಾಡಿದ್ದರು. ನೀರಿನ ಟ್ಯಾಂಕರ್ ಕರೆಸುವುದು, ಲಿಫ್ಟಿನವನಿಗೆ ಫೋನ್ ಮಾಡುವುದು, ಜನರೇಟರಿಗೆ ಡೀಸೆಲ್ ತರಿಸುವುದು ನನ್ನ ಕೆಲಸ.

ಜನರೇಟರ್ ಹಿಂದಿನ ಕಾಂಪೌಂಡಿನ ಮೂಲೆಯಲ್ಲಿತ್ತು. ಚಿಕ್ಕದು. ಕರೆಂಟ್ ಹೋದಾಗ ಲಿಫ್ಟಿಗೆ ಮತ್ತು ಮನೆಗೆ ಎರಡು ದೀಪ, ಒಂದು ಫ್ಯಾನಿಗೆ ಸಾಕಾಗಲೆಂದು ಕಟ್ಟಿದವರು ಇಟ್ಟುಕೊಟ್ಟದ್ದು. ಆದರೆ ಆ ಹೊತ್ತಿಗೆ ಎರಡು ದೀಪ, ಒಂದು ಫ್ಯಾನಿನಲ್ಲೇ ಇದ್ದ ಮನೆ ಬಹುಶಃ ಒಂದೂ ಇರಲಿಲ್ಲ. ಯಾವುದೋ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಹತ್ತಿರ ಮೆಲ್ಲಗೆ ಹೇಳಿದರೆ ಅವನು ಇನ್ನೊಂದು ತಂತಿಯನ್ನು ಜನರೇಟರ್ ಲೈನಿಗೆ ಸೇರಿಸಿ ಹೋಗುತ್ತಿದ್ದ. ನಾನೂ ಸೇರಿಸಿಕೊಂಡಿದ್ದೆ. ನನ್ನ ಕಂಪ್ಯೂಟರ್, ಅಡುಗೆಮನೆಯ ಟ್ಯೂಬ್‌ಲೈಟ್, ಮಲಗುವ ಕೋಣೆಯ ಫ್ಯಾನ್, ದೇವರ ಮನೆಯ ಬಲ್ಬು. ಕರೆಂಟ್ ಹೋದರೂ ಹೋದದ್ದು ಗೊತ್ತಾಗದ ಹಾಗೆ ಬದುಕುವುದೇ ಅನುಕೂಲವೆಂದು ಆಗ ತಿಳಿದಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಬೇರೆಯವರೂ ಹೇಳಿರಲಿಲ್ಲ.

ಕೆಳಗಿನ ಮೂರು ಮನೆಗಳಲ್ಲಿ ಒಂದಕ್ಕೆ ಹಿಂದಿನ ದೀಪಾವಳಿಯ ಹೊತ್ತಿಗೆ ಗದಗದ ಕಡೆಯವರು ಬಾಡಿಗೆಗೆ ಬಂದರು. ಬನ್ನೇರುಘಟ್ಟ ರಸ್ತೆಯ ಆಫೀಸೊಂದಕ್ಕೆ ಹೋಗುತ್ತಿದ್ದ ಮಗಳು, ಅವಳ ತಂದೆ, ತಾಯಿ. ತಂದೆ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು. ಬಂದ ಹೊಸದರಲ್ಲಿ ದಿನಾ ಬೆಳಿಗ್ಗೆ ಬಿಳೇಕಹಳ್ಳಿಯವರೆಗೆ ನಡೆದು ಬರುತ್ತಿದ್ದರು. ಮೆಟ್ಟಿಲ ಹತ್ತಿರ ಲಿಫ್ಟಿಗೆ ಕಾಯುತ್ತಾ ನಿಂತವರನ್ನು ಕಂಡರೆ, “ಒಂದ್ ಮಾಳಗಿ ಹತ್ತಾಕ ಬಸ್ ಕಾಯಾಕತ್ತೀರೇನ್ರಿ?” ಎಂದು ಕೆಣಕುತ್ತಿದ್ದರು. ತಾಯಿ ಮಾತು ಕಡಿಮೆ. ಬಟ್ಟೆ ಒಗೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಅಂಗಳ ತೊಳೆಯುವುದನ್ನು, ಹಗಲು ಉರಿಯುತ್ತಿದ್ದ ಗೇಟಿನ ದೀಪವನ್ನು ತಾವೇ ಹೋಗಿ ತೆಗೆಯುವುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ಸ್ವಲ್ಪ ಜಿಪುಣರಿರಬೇಕು ಎಂದುಕೊಂಡಿದ್ದೆ.

ಫೆಬ್ರುವರಿಯಲ್ಲಿ ಮಾಸ್ತರರಿಗೆ ಶ್ವಾಸಕೋಶದ ಸೋಂಕು ತಗುಲಿತು. ಮೂರು ವಾರ ಆಸ್ಪತ್ರೆಯಲ್ಲಿದ್ದರು. ಮನೆಗೆ ಬರುವಾಗ ಜೊತೆಗೆ ಒಂದು ಯಂತ್ರವೂ ಬಂತು. ಮಂಚದ ಪಕ್ಕದ ಮೇಜಿನಷ್ಟು ಎತ್ತರದ್ದು, ಕೆಳಗೆ ಗಾಲಿಗಳು, ಬಾಡಿಗೆಗೆ ತಂದದ್ದು. ಅದು ಕೋಣೆಯ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಳವೆಯಲ್ಲಿ ಮೂಗಿಗೆ ಕೊಡುತ್ತದಂತೆ. ಶ್ವಾಸಕೋಶ ಚೇತರಿಸಿಕೊಳ್ಳುವವರೆಗೆ ಊಟಕ್ಕೆ, ಬಚ್ಚಲಿಗೆ ಬಿಟ್ಟರೆ ಉಳಿದ ಹೊತ್ತೆಲ್ಲ ಅದು ಬೇಕು ಎಂದು ಡಾಕ್ಟರು ಹೇಳಿದ್ದರು. ಯಂತ್ರ ನಡೆಯುವುದು ಕರೆಂಟಿನಿಂದ.

ಅದು ಬಂದದ್ದು ಒಂದು ಸಂಜೆ. ಮಾರನೆಯ ಬೆಳಿಗ್ಗೆ ಮಗಳು ವಾಚ್‌ಮನ್ನನ್ನು ಕೇಳಿ, ಅದರ ಪ್ಲಗ್ಗನ್ನು ಜನರೇಟರ್ ಲೈನಿಗೆ ಹಾಕಿಸಿ ಆಫೀಸಿಗೆ ಹೋದಳು. ಜನರೇಟರ್ ಈಗಲೇ ನರಳುತ್ತಿದೆ ಎಂದು ಅವನು ಹೇಳಿದ್ದನಂತೆ. ಅವಳು ಸಂಜೆ ಬಂದು ನನ್ನ ಹತ್ತಿರ ಮಾತಾಡುವವಳಿದ್ದಳು. ಅಷ್ಟರೊಳಗೆ ಕರೆಂಟ್ ಹೋದರೆ ಮೇಲಿನವರಿಗೆ ಒಂದು ಮಾತು ಹೇಳೆಂದು ತಾಯಿಗೆ ತಿಳಿಸಿ ಹೋಗಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಆ ಬೇಸಿಗೆಯಲ್ಲಿ ಮಧ್ಯಾಹ್ನ ಎರಡರ ಮೇಲೆ ಕರೆಂಟ್ ತೆಗೆಯುತ್ತಿದ್ದರು. ಅಂದೂ ಹೋಯಿತು. ಜನರೇಟರ್ ಶುರುವಾಯಿತು. ಐದು ನಿಮಿಷದಲ್ಲಿ ಬಾಗಿಲು ಬಡಿದ ಸದ್ದು. ಮಾಸ್ತರರ ಹೆಂಡತಿ. ಮೂರು ಮಹಡಿ ಹತ್ತಿ ಇಳಿಯುತ್ತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

“ತಂಗೀ, ನಮ್ಮನಿಯವರ ಸಲುವಾಗಿ ಒಂದ್ ಕೆಲಸ ಮಾಡವ್ವಾ. ದೀಪ ದೊಡ್ಡದು ಮಾಡ್ರಿ. ಎಲ್ಲಾರ ಮನಿಯಾಗೂ ದೊಡ್ಡದು ಮಾಡಿದ್ರ ಅವರು ಉಳಕೋತಾರ. ಕೈ ಮುಗೀತೀನಿ.”

ಅವರು ನಿಜವಾಗಿ ಕೈ ಮುಗಿದರು. ಮುಂದಿನ ಮಾತಿಗೆ ನಿಲ್ಲದೆ ಕೆಳಗಿಳಿದರು.

ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ಬಾಗಿಲಲ್ಲಿ ನಿಂತಿದ್ದರು. ಅವರ ಮನೆಯಲ್ಲೂ ಆಕೆ ಅದೇ ಮಾತು ಹೇಳಿದ್ದರು.

“ಏನೋ ಹರಕೆ ಇರ್ಬೇಕು ಕಣ್ರೀ” ಎಂದರು ಅವರು. “ಪಾಪ. ಅವರ ಕಡೆ ಹೀಗೆ ಏನೇನೋ ಇರುತ್ತೆ. ಹಾಕ್ಬಿಡೋಣ, ನಮಗೇನು ಹೋಗೋದು.”

ನಾನು ಒಳಗೆ ಹೋದೆ. ದೇವರ ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಮುಂದಕ್ಕೆಳೆದೆ. ಆಮೇಲೆ ಜನರೇಟರ್ ಲೈನಿನಲ್ಲಿ ಹಾಕದೆ ಉಳಿದಿದ್ದ ಐದು ಸ್ವಿಚ್ಚುಗಳನ್ನೂ ಒತ್ತಿದೆ. ಹಗಲು ಎರಡೂವರೆ ಗಂಟೆ, ಬಿಸಿಲು ನಡುಮನೆಯ ಅರ್ಧದವರೆಗೆ ಬಂದಿತ್ತು. ಆ ಬಿಸಿಲಿನೊಳಗೆ ಟ್ಯೂಬ್‌ಲೈಟುಗಳು ಉರಿದವು. ಕಣ್ಣು ಮುಚ್ಚಿ, ಕೆಳಗಿನವರು ಚೆನ್ನಾಗಿರಲಿ ಎಂದು ಬೇಡಿಕೊಂಡೆ. ಆ ಹೊತ್ತಿನಲ್ಲಿ ಮನೆಯಲ್ಲಿದ್ದ ಏಳು ಮನೆಯವರೂ ಹೀಗೆಯೇ ಮಾಡುತ್ತಿದ್ದರು. ಮೂರನೇ ಮಹಡಿಯವರೊಬ್ಬರು ಹಬ್ಬದ ಸರದೀಪವನ್ನು ಕಪಾಟಿನಿಂದ ತೆಗೆದು ಸಿಕ್ಕಿಸಿದ್ದರಂತೆ.

ಜನರೇಟರ್ ಒಮ್ಮೆ ದಮ್ಮು ಕಟ್ಟಿದಂತೆ ಮಾಡಿ ನಿಂತಿತು.

ನಿಂತ ಕೂಡಲೇ ಕೆಳಗಿನಿಂದ ಕೀ ಎಂದು ಒಂದೇ ಸಮನೆ ಸದ್ದು ಬಂತು. ಅದು ಆ ಯಂತ್ರದ ಎಚ್ಚರಿಕೆಯ ಸದ್ದೆಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಮೆಟ್ಟಿಲು ಇಳಿದೆ. ಇಳಿಯುವಾಗ ಗಡಿಯಾರ ನೋಡಿಕೊಂಡೆ, ಯಾಕೆಂದು ತಿಳಿಯದು.

ಬಾಗಿಲು ತೆರೆದಿತ್ತು. ಮಾಸ್ತರರು ಮಂಚದ ಅಂಚಿಗೆ ಕೂತು ಎರಡೂ ಅಂಗೈಗಳನ್ನು ಮೊಣಕಾಲಿಗೆ ಊರಿದ್ದರು. ಕುತ್ತಿಗೆಯ ಬುಡದ ಗುಳಿ ಒಂದೊಂದು ಉಸಿರಿಗೂ ಒಳಕ್ಕೆ ಸೇದಿಕೊಳ್ಳುತ್ತಿತ್ತು. ತುಟಿಯ ಬಣ್ಣ ನೇರಳೆಗೆ ತಿರುಗುತ್ತಿತ್ತು. ಮೂಲೆಯಲ್ಲಿ ಒಂದು ಚಿಕ್ಕ ಸಿಲಿಂಡರ್ ಇತ್ತು, ಆದರೆ ಅದನ್ನು ಜೋಡಿಸುವುದು ಮಗಳಿಗೆ ಮಾತ್ರ ಬರುತ್ತಿತ್ತು. ಅವರ ಹೆಂಡತಿ ಬೆನ್ನು ನೀವುತ್ತಾ, “ಬಂತ್ರಿ, ಬಂತ್ರಿ, ಈಗ ಬಂತು” ಎನ್ನುತ್ತಿದ್ದರು.

ಜನರೇಟರ್ ಮತ್ತೆ ಶುರುವಾಯಿತು. ಯಂತ್ರ ಎರಡು ಸಲ ಘುಸ್ ಎಂದಿತು. ಮತ್ತೆ ನಿಂತಿತು. ಹಿಂದಿನ ಕಾಂಪೌಂಡಿನಿಂದ ವಾಚ್‌ಮನ್ ಕೂಗಿದ:

“ಮೇಡಂ, ಲೋಡ್ ತಗೊಳ್ತಿಲ್ಲ ಮೇಡಂ! ಟ್ರಿಪ್ ಆಗ್ತಾನೇ ಇದೆ!”

ಆಕೆ ನನ್ನ ಕಡೆ ತಿರುಗಿದರು. “ದೊಡ್ಡದು ಮಾಡ್ರೀ ಅಂದ್ನಲ್ಲವ್ವಾ! ಯಾಕ ಮಾಡಲಿಲ್ಲ?”

“ಮಾಡಿದೀವಲ್ಲಮ್ಮ. ಎಲ್ಲಾ ಹಾಕಿದೀವಿ. ಒಂದೂ ಬಿಟ್ಟಿಲ್ಲ.”

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ, ತಮ್ಮ ಕೋಣೆಯ ಸ್ವಿಚ್ಚುಗಳ ಮೇಲೆ ಅಂಗೈಯಿಂದ ಒಂದೇ ಏಟು ಹೊಡೆದು ಎಲ್ಲವನ್ನೂ ಕೆಳಗೆ ತಳ್ಳಿದರು.

“ಹಿಂಗ! ದೊಡ್ಡದು ಅಂದ್ರ ಹಿಂಗವ್ವಾ!”

ದೀಪ ದೊಡ್ಡದು ಮಾಡುವುದೆಂದರೆ ಅವರ ಕಡೆ ದೀಪ ಆರಿಸುವುದು. ಆರಿಸು ಎನ್ನುವುದು ಅಶುಭ. ಅದಕ್ಕೇ ದೊಡ್ಡದು ಮಾಡು ಎನ್ನುತ್ತಾರೆ. ನಮ್ಮ ಮನೆಯಲ್ಲೂ ಬಳೆ ಒಡೆದರೆ ಅಮ್ಮ ಒಡೆಯಿತು ಎನ್ನುತ್ತಿರಲಿಲ್ಲ, ಹೆಚ್ಚಿತು ಎನ್ನುತ್ತಿದ್ದಳು. ದಾರಿ ಒಂದೇ. ನನಗೆ ಹೊಳೆಯಬೇಕಿತ್ತು. ದಿನವಿಡೀ ಪದಗಳನ್ನು ತಿದ್ದಿ ಬದುಕುವವಳಿಗೆ ಹೊಳೆಯಲಿಲ್ಲ.

ನಾನು ಮೆಟ್ಟಿಲ ಬುಡಕ್ಕೆ ಓಡಿ ಮೇಲಕ್ಕೆ ಮುಖ ಮಾಡಿ ಕಿರುಚಿದೆ. “ಎಲ್ಲಾ ಆರ್ಸಿ! ಲೈಟು, ಫ್ಯಾನು, ಎಲ್ಲಾ ಆರ್ಸಿ!”

ಹಿಂದೆ ಆಕೆ ಕಿವಿಯ ಮೇಲೆ ಕೈ ಇಟ್ಟುಕೊಂಡದ್ದು ಓರೆಗಣ್ಣಿಗೆ ಕಂಡಿತು.

ಮೂರನೇ ಸಲ ಶುರುವಾದ ಜನರೇಟರ್ ನಿಲ್ಲದೆ ನಡೆಯಿತು. ಯಂತ್ರ ಮೊದಲು ತೊದಲಿ, ಆಮೇಲೆ ತನ್ನ ಲಯ ಹಿಡಿಯಿತು. ಘುಸ್, ತುಸು ತಡೆದು ಫುಸ್. ಮಾಸ್ತರರ ಹೆಗಲು ನಿಧಾನವಾಗಿ ಕೆಳಗಿಳಿಯಿತು. ಗಡಿಯಾರ ನೋಡಿದೆ. ಏಳು ನಿಮಿಷ.

ಅಂದು ಸಂಜೆ ಎಲ್ಲರನ್ನೂ ಟೆರೇಸಿಗೆ ಕರೆದೆ. ಆಫೀಸಿನಿಂದ ಓಡಿ ಬಂದಿದ್ದ ಮಗಳೂ ಇದ್ದಳು. ಅವಳ ಮುಖ ನೋಡಲಾಗದೆ ನಾನು ನೀರಿನ ಟ್ಯಾಂಕನ್ನು ನೋಡುತ್ತಾ ಹೇಳಿದೆ: ಜನರೇಟರ್ ಲೈನಿಗೆ ನಾನು ಕದ್ದು ನಾಲ್ಕು ಸೇರಿಸಿಕೊಂಡಿದ್ದೇನೆ, ನಾಳೆಯೇ ತೆಗೆಸುತ್ತೇನೆ.

ಆಮೇಲೆ ಬ್ಯಾಂಕಿನವರು ಗಂಟಲು ಸರಿಮಾಡಿಕೊಂಡರು.

“ನನ್ನದು ಫ್ರಿಜ್ಜು ಇದೆ. ವಾಷಿಂಗ್ ಮಷೀನೂ ಇದೆ.”

“ಅಂಕಲ್, ನೀವೇ ಅಲ್ವಾ ಹೋದ್ ಸಲ ಮೀಟಿಂಗಲ್ಲಿ ಡೀಸೆಲ್ ಯಾರು ಕುಡೀತಿದಾರೆ ಅಂತ ಕೂಗಾಡಿದ್ದು?” ಎಂದಳು ಮೂರನೇ ಮಹಡಿಯ ಹೆಂಗಸು.

“ಕೂಗಾಡಿದ್ದು ನಿಜ. ಕುಡಿದಿದ್ದೂ ನಿಜ. ನಿಮ್ಮದೇನಿದೆ, ಅದನ್ನೂ ಹೇಳಮ್ಮ.”

“ಗೀಸರ್.”

“ಗೀಸರ್! ಶಿವನೇ!”

ಎಲ್ಲರಿಗೂ ನಗು ಬಂತು. ಮಗಳಿಗೂ ಬಂತು, ನಗುತ್ತಲೇ ಅತ್ತಳು. ಮಾರನೆಯ ದಿನ ಎಲೆಕ್ಟ್ರಿಷಿಯನ್ ಹನ್ನೆರಡು ಮನೆಗಳಲ್ಲಿ ತಂತಿ ಬಿಚ್ಚಿದ. ಮನೆಗೆ ಒಂದು ಫ್ಯಾನ್, ಒಂದು ದೀಪ ಮಾತ್ರ ಉಳಿಸಿದೆವು. ಲಿಫ್ಟನ್ನು ಜನರೇಟರಿನಿಂದ ಬಿಡಿಸಿದೆವು. ಆದರೂ ಭಯ ಹೋಗಲಿಲ್ಲ. ಹನ್ನೆರಡು ಫ್ಯಾನುಗಳ ಮೇಲೆ ಆ ಯಂತ್ರ ಸೇರಿದರೆ ಜನರೇಟರ್ ನರಳುವುದು ಮೇಲಿನವರೆಗೆ ಕೇಳುತ್ತಿತ್ತು. ಕರೆಂಟ್ ಇಲ್ಲದ ಹೊತ್ತಿನಲ್ಲಿ ಜನರೇಟರ್ ಮಾಸ್ತರರಿಗೆ ಮಾತ್ರ ಎಂದು ನಾವೇ ಗೊತ್ತು ಮಾಡಿಕೊಂಡೆವು.

ಇದಾದ ಎರಡನೆಯ ದಿನ ಕರೆಂಟ್ ಹೋದಾಗ ಮಾಸ್ತರರ ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತು, ಮೇಲಕ್ಕೆ ಮುಖ ಮಾಡಿ, ಜೋರಾಗಿಯೂ ಅಲ್ಲದೆ ಮೆಲ್ಲಗೂ ಅಲ್ಲದೆ ಕರೆದರು.

“ದೊಡ್ಡದು ಮಾಡ್ರೀ.”

ಮೊದಲು ಒಂದನೇ ಮಹಡಿಯಲ್ಲಿ ಟಕ್ ಟಕ್ ಎಂದಿತು. ಆಮೇಲೆ ನಮ್ಮಲ್ಲಿ. ಆಮೇಲೆ ಮೇಲೆ. ಫ್ಯಾನುಗಳು ಸುತ್ತು ಕಡಿಮೆ ಮಾಡುತ್ತಾ ನಿಂತವು. ಎಲ್ಲ ನಿಂತ ಮೇಲೆ ಆ ಕಟ್ಟಡದಲ್ಲಿ ನಾನು ಎಂದೂ ಕೇಳಿರದ ಒಂದು ನಿಶ್ಶಬ್ದ ಬಂತು. ಹಿಂದಿನ ಕಾಂಪೌಂಡಿನಲ್ಲಿ ಜನರೇಟರ್ ಗುಡುಗುಡು ಎನ್ನುತ್ತಿತ್ತು, ನಿಜ. ಅದರ ಈಚೆಗೆ, ಮೆಟ್ಟಿಲಿನ ಓಣಿಯೊಳಗಿಂದ ಎರಡನೇ ಮಹಡಿಯವರೆಗೆ, ಘುಸ್ ಫುಸ್ ಎಂಬ ಸದ್ದು ಏರಿ ಬರುತ್ತಿತ್ತು. ನಾನು ಬಾಗಿಲಿಗೆ ಬಂದೆ. ಎದುರಿಗೆ ಬ್ಯಾಂಕಿನವರೂ ಬಂದು ನಿಂತಿದ್ದರು. ನಾವು ಸ್ವಿಚ್ಚು ತೆಗೆದದ್ದಕ್ಕೂ ಕೆಳಗೆ ಒಬ್ಬರು ಉಸಿರಾಡುವುದಕ್ಕೂ ನಡುವೆ ಏನೂ ಇರಲಿಲ್ಲ. ತಂತಿಯೊಂದನ್ನು ಬಿಟ್ಟರೆ ನಿಜವಾಗಿ ಏನೂ ಇರಲಿಲ್ಲ.

ಅದು ದಿನಾ ಆಗುತ್ತಿತ್ತು. ದಿನಾ ಆದರೂ ಹಳತಾಗಲಿಲ್ಲ.

ಫ್ಯಾನಿಲ್ಲದೆ ಮಾರ್ಚಿನ ಮಧ್ಯಾಹ್ನ ಕಳೆಯುವುದು ಹೇಗೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಕಲಿಯಬೇಕಾಯಿತು. ನಾನು ಮೇಜನ್ನು ಉತ್ತರದ ಕಿಟಕಿಗೆ ಎಳೆದು ನೋಡಿದೆ. ಐದು ಗಂಟೆಯವರೆಗೆ ದೀಪವಿಲ್ಲದೆ ಕರಡು ಓದಬಹುದಿತ್ತು. ಮೂರು ವರ್ಷದಿಂದ ಅದೇ ಕಿಟಕಿಗೆ ಬೆನ್ನು ಮಾಡಿ, ಟ್ಯೂಬ್‌ಲೈಟ್ ಹಾಕಿಕೊಂಡು ಕೂತಿದ್ದೆ. ಬಿಸಿಲು ಬರುವ ಕಿಟಕಿಗೆ ಹನ್ನೊಂದಕ್ಕೇ ಒದ್ದೆ ಸೀರೆ ಇಳಿಬಿಟ್ಟರೆ ನಡುಮನೆ ತಣ್ಣಗಿರುತ್ತದೆಂದು ಮೂರನೇ ಮಹಡಿಯವಳು ಕಂಡುಹಿಡಿದಳು. ನೀರಿನ ಪಂಪನ್ನು ಬೆಳಿಗ್ಗೆ ಕರೆಂಟ್ ಇರುವಾಗಲೇ ಒಂದು ಸಲ ನಡೆಸಿ ನಿಲ್ಲಿಸಲು ವಾಚ್‌ಮನ್ನಿಗೆ ಹೇಳಿದೆ. ಹಾಗೆ ನಿಲ್ಲಿಸಿದ ಮೇಲೆಯೇ ತಿಳಿದದ್ದು, ಅಲ್ಲಿಯವರೆಗೆ ಟ್ಯಾಂಕ್ ತುಂಬಿ ದಿನಾ ಮೋರಿಗೆ ಹರಿಯುತ್ತಿತ್ತೆಂದು.

ಎಲ್ಲಕ್ಕಿಂತ ದೊಡ್ಡದನ್ನು ಹೇಳಿಕೊಟ್ಟವರು ಮಾಸ್ತರರು. ಮೂಗಿನಲ್ಲಿ ಕೊಳವೆ ಇದ್ದ ಹಾಗೆಯೇ, ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಾ, ಒಂದು ದಿನ ನನ್ನನ್ನು ಕೇಳಿದರು:

“ಮೆಟ್ಟಿಲ ತುದೀಗೆ... ಮ್ಯಾಲ... ಜಾಲಂದ್ರ ಐತೇನ್ರಿ?”

ಇತ್ತು. ಟೆರೇಸಿನ ಬಾಗಿಲ ಪಕ್ಕದ ಗೋಡೆಯಲ್ಲಿ ತೂತುಗಳ ಇಟ್ಟಿಗೆ ಕಟ್ಟಿದ್ದರು. ಪಾರಿವಾಳ ಬರುತ್ತದೆಂದು ಯಾರೋ ರಟ್ಟು ಬಡಿದು ಮುಚ್ಚಿದ್ದರು. “ಅದನ್ನ ಕೀಳ್ರಿ. ಎಲ್ಲಾರೂ... ಬಾಗಲಾ ತೆರೀರಿ.” ಬ್ಯಾಂಕಿನವರು ಸ್ಟೂಲು ಹತ್ತಿ ರಟ್ಟು ಕಿತ್ತರು, ಧೂಳು, ಪುಕ್ಕ ಎಲ್ಲ ಅವರ ತಲೆಯ ಮೇಲೆ ಬಿತ್ತು. ಪಾರಿವಾಳಕ್ಕೆಂದು ಒಂದು ಸಣ್ಣ ಬಲೆ ಕಟ್ಟಿದೆವು. ಮಧ್ಯಾಹ್ನ ಮನೆಮನೆಯವರೂ ಮುಂಬಾಗಿಲು, ಹಿಂದಿನ ಕಿಟಕಿ ತೆರೆದಿಟ್ಟೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ನಮ್ಮ ಬಾಗಿಲಿಗೆ ಇಳಿಬಿಟ್ಟ ಪರದೆ ತಾನಾಗಿ ಮೆಟ್ಟಿಲ ಕಡೆಗೆ ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು. ಬಿಸಿಗಾಳಿ ಮೆಟ್ಟಿಲಿನ ಓಣಿ ಹಿಡಿದು ಮೇಲಕ್ಕೆ ಹೋಗುತ್ತಿತ್ತು. ಅದರ ಜಾಗಕ್ಕೆ ಹಿಂದಿನ ಕಿಟಕಿಗಳಿಂದ, ಹೊಂಗೆ ಮರದ ನೆರಳಿನ ಗಾಳಿ ಬರುತ್ತಿತ್ತು. ಕಟ್ಟಿದವರು ಇದನ್ನು ಮೊದಲೇ ಮಾಡಿಟ್ಟಿದ್ದರು. ನಾವು ರಟ್ಟು ಬಡಿದು, ಬಾಗಿಲು ಹಾಕಿ, ಫ್ಯಾನ್ ತಂದಿದ್ದೆವು.

“ಕಟ್ಟಡಕ್ಕೂ ಮೂಗ ಐತಿ... ನೋಡ್ರಿ” ಎಂದರು ಮಾಸ್ತರರು, ವಿಷಯ ತಿಳಿಸಲು ಹೋದಾಗ. “ನಮ್ಮಂಗ... ಕಟ್ಟಿತ್ತು.”

ಬಾಗಿಲು ತೆರೆದಿಟ್ಟ ಮೇಲೆ ಇನ್ನೊಂದು ಬದಲಾಯಿತು. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರಿಗೆ ತಿಳಿಯತೊಡಗಿತು. ಮಾಸ್ತರರ ಹೆಂಡತಿ ಮೆಟ್ಟಿಲ ಮೇಲೆ ಕೂತು ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಅಲ್ಲಿಂದ ಗಂಡನೂ ಕಾಣುತ್ತಿದ್ದರು, ಗಾಳಿಯೂ ಬರುತ್ತಿತ್ತು. ಒಂದು ದಿನ ನಾನು ಪಕ್ಕ ಕೂತು ಕೇಳಿದೆ: ಆವತ್ತು ಆಫ್ ಮಾಡಿ ಅಂತಲೋ, ಬಂದ್ ಮಾಡಿ ಅಂತಲೋ ಅಂದಿದ್ದರೆ ನಮಗೆ ತಿಳೀತಿತ್ತಲ್ಲಮ್ಮ?

ಅವರು ಜರಡಿ ನಿಲ್ಲಿಸಿದರು. “ಬಂದ್ ಅನ್ನಾಕ ಬಾಯಿ ಬರಲಿಲ್ಲವ್ವಾ. ಒಳಗ ಅವರು ಹಂಗ ಕುಂತಾರ. ಉಸಿರು ಎಳೀತಾರ, ಬಿಡ್ತಾರ. ಅಂಥಾದ್ರಾಗ ಹನ್ನೆರಡು ಬಾಗಲಕ್ಕ ಹೋಗಿ ಬಂದ್ ಮಾಡ್ರಿ, ಆರಸ್ರಿ ಅಂತ ಹೆಂಗ ಅನ್ನಲಿ?”

ಉಳಿಸುವುದೆಂದರೆ ಕಡಿಮೆ ಮಾಡಿಕೊಳ್ಳುವುದೆಂದೇ ನಾನು ತಿಳಿದಿದ್ದೆ. ನೀರು ಕಡಿಮೆ, ಕರೆಂಟ್ ಕಡಿಮೆ, ಒಟ್ಟಿನಲ್ಲಿ ಬದುಕಿನಲ್ಲಿ ಒಂದಷ್ಟು ಕಡಿಮೆ. ಈ ಹೆಂಗಸಿನ ಮಾತಿನಲ್ಲಿ ಅದು ದೊಡ್ಡದು ಮಾಡುವುದಾಗಿತ್ತು. ಅಶುಭ ತಪ್ಪಿಸಲು ಹುಟ್ಟಿದ ಮಾತು, ಸರಿ. ಆದರೆ ದಿನಾ ಮಧ್ಯಾಹ್ನ ಹನ್ನೆರಡು ಮನೆಗಳು ಒಟ್ಟಿಗೆ ದೀಪ ತೆಗೆದಾಗ ನಾನು ಕಂಡದ್ದಕ್ಕೆ ಬೇರೆ ಪದ ನನಗೆ ಇವತ್ತಿಗೂ ಸಿಕ್ಕಿಲ್ಲ.

ಎಲ್ಲರೂ ಯಾವಾಗಲೂ ಒಳ್ಳೆಯವರಾಗಿದ್ದೆವು ಎಂದರೆ ಸುಳ್ಳಾಗುತ್ತದೆ. ಕ್ರಿಕೆಟ್ ಪಂದ್ಯವಿದ್ದ ಒಂದು ದಿನ ಯಾರೋ ದೀಪದ ಹೋಲ್ಡರಿನಿಂದ ತಂತಿ ಎಳೆದು ಟಿವಿ ಹಾಕಿದರು, ಜನರೇಟರ್ ನರಳಿತು. “ಯಾರ್ರೀ ಅದು, ಸ್ಕೋರಾದ್ರೂ ಹೇಳ್ಬಿಟ್ಟು ಆಫ್ ಮಾಡಿ!” ಎಂದು ಬ್ಯಾಂಕಿನವರು ಮೆಟ್ಟಿಲಿನ ಓಣಿಯಲ್ಲಿ ಕೂಗಿದರು. ಟಿವಿ ನಿಂತಿತು. ಯಾರದೆಂದು ಯಾರೂ ಕೇಳಲಿಲ್ಲ.

ಏಪ್ರಿಲ್ ಕಳೆಯುವ ಹೊತ್ತಿಗೆ ಯಂತ್ರದ ಅಳತೆ ತಗ್ಗಿಸುತ್ತಾ ಬಂದರು. ಮೊದಲು ಹಗಲು ಒಂದೊಂದು ಗಂಟೆ ಬಿಟ್ಟು ನೋಡಿದರು. ಮಾಸ್ತರರ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಸಿಕ್ಕಿಸಿ ಮಗಳು ಓದುವುದು, ತಾಯಿ ಆ ಅಂಕಿಯನ್ನು ನಮಗೆಲ್ಲ ಹೇಳುವುದು. ಮೇ ತಿಂಗಳಲ್ಲಿ ಡಾಕ್ಟರು ಇನ್ನು ಬೇಡ ಎಂದರು. ಬಾಡಿಗೆಗೆ ಕೊಟ್ಟವರು ಬಂದು, ಅದನ್ನು ಗಾಲಿಗಳ ಮೇಲೆ ಉರುಳಿಸಿಕೊಂಡು ಗೇಟಿನಾಚೆ ಹೋದರು.

ಮರುದಿನವೂ ಎರಡರ ಮೇಲೆ ಕರೆಂಟ್ ಹೋಯಿತು. ವಾಚ್‌ಮನ್ ಬಂದು, “ಜನರೇಟರ್ ಹಾಕ್ಲಾ ಮೇಡಂ?” ಎಂದ. ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಕೆಳಗಿನಿಂದ ಒಂದು ಸದ್ದು ಬಂತು. ಚಪ್ಪಲಿಯ ಸದ್ದು. ಒಂದು ಹೆಜ್ಜೆ, ನಿಲ್ಲುವುದು, ಇನ್ನೊಂದು ಹೆಜ್ಜೆ. ನಾನು ಕಟಾಂಜನಕ್ಕೆ ಬಂದು ಬಗ್ಗಿದೆ. ಮೇಲೂ ಕೆಳಗೂ ಉಳಿದವರು ಬಗ್ಗಿದ್ದರು.

ಮಾಸ್ತರರು ಮೆಟ್ಟಿಲು ಹತ್ತುತ್ತಿದ್ದರು. ಎಡಗೈ ಕಂಬಿಯ ಮೇಲೆ. ತುಟಿ ಮಾತ್ರ ಅಲ್ಲಾಡುತ್ತಿತ್ತು, ಏಕ್, ದೋ, ಏಕ್, ದೋ. ದನಿಗೆ ಉಸಿರು ಖರ್ಚು ಮಾಡುತ್ತಿರಲಿಲ್ಲ. ಅವರ ಹೆಂಡತಿ ಎರಡು ಮೆಟ್ಟಿಲು ಹಿಂದೆ, ಮುಟ್ಟದೆ, ಕೈ ಚಾಚಿಕೊಂಡು ಬರುತ್ತಿದ್ದರು. ಫ್ಯಾನಿಲ್ಲ, ಜನರೇಟರಿಲ್ಲ. ಅವರ ಉಸಿರು ನಮಗೆ ನೇರವಾಗಿ ಕೇಳುತ್ತಿತ್ತು. ಒರಟಾಗಿತ್ತು, ತಡೆತಡೆದು ಬರುತ್ತಿತ್ತು, ಆದರೆ ಬರುತ್ತಿತ್ತು. ಒಂಬತ್ತು ಮೆಟ್ಟಿಲಾದ ಮೇಲೆ ತಿರುವಿನ ಜಗಲಿಯಲ್ಲಿ ಕೂತರು.

ಆಕೆ ತಲೆ ಎತ್ತಿ ನಮ್ಮನ್ನೆಲ್ಲ ನೋಡಿದರು. ಎಲ್ಲರ ಮುಖ ಬೆವರಿನಿಂದ ಹೊಳೆಯುತ್ತಿತ್ತು.

“ಇನ್ನರೆ ಫ್ಯಾನ್ ಹಚ್ಚಿಕೋರಿ” ಎಂದರು. “ಹಿಂಗ ನಿಂತ್ರ ಬೆವತು ಸಾಯ್ತೀರಿ.”

ಹನ್ನೆರಡು ಬಾಗಿಲುಗಳಲ್ಲಿ ಒಂದು ಕೆಟ್ಟ ಮಾತು ಆಡಲಾರದೆ ಹೋದವರು, ಸಾಯುವ ಮಾತನ್ನು ಎಷ್ಟು ಸಲೀಸಾಗಿ ಆಡಿದರೆಂದರೆ, ಆಡಿದ್ದು ಅವರಿಗೇ ಗೊತ್ತಾಗಲಿಲ್ಲ. ಮಾಸ್ತರರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಂತಿತು. ಬಳಿಕ ಕಂಬಿ ಹಿಡಿದು ಎದ್ದು, ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.